ನಮ್ಮ ಮುಸುರೆಯಲ್ಲಿ ತೀರಿದ ಸಾಲ

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಅವರಿಗೆ ಸರಿಯಾದ ನೆರೆಮನೆ ಸಿಕ್ಕಿಲ್ಲ, ಅಷ್ಟೇ. ಈ ವಯಸ್ಸಿಗೆ ನನ್ನ ಮೊಣಕಾಲು ಹೋಗಿವೆ, ಹಲ್ಲು ಹೋಗಿವೆ, ಗಂಡ ಹೋಗಿದ್ದಾನೆ. ಹೊಟ್ಟೆಕಿಚ್ಚೊಂದು ಮಾತ್ರ ಮದುವೆಯಾದ ಹೊಸದರಲ್ಲಿ ಹೇಗಿತ್ತೋ ಹಾಗೇ ಗಟ್ಟಿಮುಟ್ಟಾಗಿದೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ಅಕ್ಷರ ಕೂಡಿಸಿ ಕೂಡಿಸಿ ಇಷ್ಟುದ್ದ ಬರೆಯಲು ಕೂತಿದ್ದೇನೆ ಎಂದರೆ ಅದೂ ಅದರ ಬಲದಿಂದಲೇ. ಬಾಯಲ್ಲೇ ಹೇಳೋಣವೆಂದರೆ ನಮ್ಮ ಓಣಿಯಲ್ಲಿ ಕೇಳುವವರೆಲ್ಲ ಆ ಶಂಕ್ರಮ್ಮನ ಕಡೆಯವರು.

ಶಂಕ್ರಮ್ಮ ನಮ್ಮ ಪಕ್ಕದ ಮನೆಯವಳು. ತುರ್ವಿಹಾಳದ ಹೆಣ್ಣು. ಗಂಡ ಲಿಂಗಸುಗೂರು ಬಸ್ಸಿನ ಕಂಡಕ್ಟರ್. ಹೋದ ತಿಂಗಳು ಒಂದು ಬೆಳಿಗ್ಗೆ ತಟ್ಟೆಯಲ್ಲಿ ಪೇಢೆ ಇಟ್ಟುಕೊಂಡು ಬಂದಳು. ಮಗಳಿಗೆ ವರ ಗೊತ್ತಾಗಿರಬೇಕು ಎಂದುಕೊಂಡು ಎರಡು ತೆಗೆದುಕೊಂಡೆ. ಬಾಯಿಗೆ ಹಾಕಿಕೊಂಡ ಮೇಲೆ ಹೇಳಿದಳು.

“ದೊಡ್ಡವ್ವಾ, ಮನಿ ಸಾಲ ಮುಗೀತು ನೋಡ್ರಿ. ನಿನ್ನೆ ಬ್ಯಾಂಕಿನವ್ರು ಮನಿ ಕಾಗದ ವಾಪಸ್ ಕೊಟ್ರು.”

“ಎಲ್ಲಾನೂ ಮುಗೀತಾ?”

“ಎಲ್ಲಾನೂ.”

“ಬಡ್ಡಿ?”

“ಬಡ್ಡೀನೂ ದೊಡ್ಡವ್ವಾ.”

ಪೇಢೆ ಗಂಟಲಲ್ಲೇ ನಿಂತಿತು. “ಚಲೋ ಆತವಾ, ಚಲೋ ಆತು” ಎಂದೆ. ಧ್ವನಿ ನನ್ನದೇ ಇತ್ತು, ಮಾತು ಯಾರದೋ. ಅವಳು ಹೋದ ಮೇಲೆ ಎರಡು ಲೋಟ ನೀರು ಕುಡಿದರೂ ಅದು ಇಳಿಯಲಿಲ್ಲ.

ಯಾಕೆಂದು ಹೇಳುತ್ತೇನೆ. ನಮ್ಮ ಮನೆ, ಅವಳ ಮನೆ ಎರಡೂ ಒಂದೇ ವರ್ಷ ಎದ್ದವು. ಸಿಂಧನೂರಿನ ಅಂಚಿಗೆ ಭತ್ತದ ಗದ್ದೆಗಳನ್ನು ಪ್ಲಾಟು ಮಾಡಿದಾಗ ಅಕ್ಕಪಕ್ಕದಲ್ಲಿ ತೆಗೆದುಕೊಂಡದ್ದು. ಕಾಲುವೆಗೆ ನೀರು ಬಿಟ್ಟಾಗ ಇವತ್ತಿಗೂ ಕಪ್ಪೆಗಳು ಇದು ತಮ್ಮ ಗದ್ದೆಯೆಂದೇ ತಿಳಿದು ಪಡಸಾಲೆಗೆ ಬರುತ್ತವೆ. ಒಂದೇ ಬ್ಯಾಂಕು, ಒಂದೇ ಟೇಬಲ್ಲು, ಹೆಚ್ಚುಕಡಿಮೆ ಅಷ್ಟೇ ಸಾಲ. ನನ್ನ ಮಗ ಬಸವರಾಜ ಮಸ್ಕಿಯಲ್ಲಿ ಕಚೇರಿಯೊಂದರ ಗುಮಾಸ್ತ, ದಿನಾ ಬಸ್ಸಿಗೆ ಹೋಗಿಬರುತ್ತಾನೆ. ಅವನ ಸಾಲ ಇನ್ನೂ ಇದೆ. ಎಷ್ಟು ದಿನ ಎಂದು ಕೇಳಿದರೆ ಅವನು ನನ್ನ ಪುಟ್ಟ ಮೊಮ್ಮಗನ ಮುಖ ನೋಡುತ್ತಾನೆ. ಆ ಹುಡುಗನಿಗೆ ಮೀಸೆ ಬರುವ ತನಕ ಎಂದು ಅರ್ಥ. ಹೊರಗಿನಿಂದ ನೋಡಿದರೆ ಮಾತ್ರ ನಾವೇ ಸಾಹುಕಾರರು. ನಮ್ಮದಕ್ಕೆ ನುಣ್ಣನೆಯ ಗಿಲಾವು, ಬಣ್ಣ, ಗೇಟಿನ ಮೇಲೆ ಹೆಂಚು ಕೂರಿಸಿದ ಕಮಾನು. ಅವಳದು ಇಷ್ಟು ವರ್ಷ ಬರೀ ಇಟ್ಟಂಗಿ. ಒಂದು ಸಲ ನಾನೇ ಹೇಳಿದ್ದೆ, “ಶಂಕ್ರವ್ವಾ, ಮನಿಗೊಂದು ಅಂಗಿ ಹಾಕಿಸವಾ, ಬೆತ್ತಲೆ ನಿಂತೈತಿ.” ಅವಳು ನಕ್ಕು, “ಮದ್ಲು ಮನಿ ನಮ್ದಾಗ್ಲಿ ದೊಡ್ಡವ್ವಾ, ಆಮ್ಯಾಲೆ ಅಂಗಿ” ಎಂದಿದ್ದಳು. ಆಗ ನನಗೆ ಅದು ಬಡತನದ ಮಾತಿನಂತೆ ಕೇಳಿಸಿತ್ತು.

ಇನ್ನೂ ಒಂದು ಇದೆ, ಅದೇ ದೊಡ್ಡದು. ಈ ಓಣಿಯಲ್ಲಿ ಉಳಿತಾಯಕ್ಕೆ ಹೆಸರಾದವಳು ನಾನು. ಕರಗಿದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವವಳು ನಾನು. ಚಹಾಪುಡಿಯನ್ನು ಎರಡನೇ ಸಲ ಕುದಿಸಿ ಕೆಲಸದವರಿಗೆ ಕೊಡುವವಳು ನಾನು. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗಿದರೆ ನನ್ನ ತಲೆ ತಿರುಗುತ್ತದೆ. ಹೊಸ ಸೊಸೆಯಂದಿರಿಗೆ ಅತ್ತೆಯರು “ಅಮರಮ್ಮನ ಮನಿಗೆ ಹೋಗಿ ಕೈ ಬಿಗಿ ಹಿಡಿಯೋದು ಕಲ್ತು ಬಾ” ಎಂದು ಹೇಳಿ ಕಳಿಸಿದ್ದುಂಟು. ನನ್ನ ಗಂಡ ಬದುಕಿದ್ದಾಗ, “ನೀ ಯಮನ ಕೂಡಾನೂ ಚೌಕಾಸಿ ಮಾಡಾಕಿ. ಕೋಣದ ಬಾಡಿಗಿ ಯಾಕ, ನಡಕೊಂತ ಬರ್ತೀನಿ ಅಂತಿ” ಎನ್ನುತ್ತಿದ್ದ. ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದೆ. ಹೀಗಿರುವಾಗ ಉಳಿತಾಯ ಮಾಡಿ ಅವಧಿಗೆ ಮೊದಲೇ ಸಾಲ ತೀರಿಸಿದ ಹೆಸರು ಪಕ್ಕದ ಮನೆಗೆ ಹೋದರೆ ಹೇಗಾಗಬೇಡ? ಬಂಗಾರ ಹೋದರೆ ಇನ್ನೊಂದು ಮಾಡಿಸಬಹುದು. ಹೆಸರನ್ನು ಯಾವ ಅಕ್ಕಸಾಲಿಗ ಮಾಡಿಕೊಡುತ್ತಾನೆ?

ಸಂಜೆ ಮಗ ಬಂದ ಕೂಡಲೇ ಹಿಡಿದುಕೊಂಡೆ. “ಹೆಂಗ ತೀರಿಸಿದ್ರಲೇ ಅವ್ರು?”

“ಯವ್ವಾ, ಅವ್ರು ಕಂತಿನ ಮ್ಯಾಲೆ ಕೈಗೆ ಬಂದದ್ದೆಲ್ಲ ಒಯ್ದು ಅಸಲಿಗೇ ಕಟ್ಯಾರ. ಅಸಲು ಕರಗಿದ್ರ ಬಡ್ಡಿ ತಾನ ಕರಗತೈತಿ. ಆತನ ಪಗಾರಕ್ಕ ಕೈ ಹಚ್ಚಿಲ್ಲ. ಮನಿ ಖರ್ಚು ಪೂರಾ ಎಮ್ಮಿ ಹಾಲಿನ ಮ್ಯಾಲೆ, ಆಕಿ ಹೊಲಿಗಿ ಮ್ಯಾಲೆ, ರೊಟ್ಟಿ ಮ್ಯಾಲೆ.”

“ನಿನಗ ಇದು ಗೊತ್ತಿತ್ತಿಲ್ಲೋ? ನೀ ಯಾಕ ಕಟ್ಟಲಿಲ್ಲ?”

“ಕಟ್ಟಬೇಕಂತ ಇಟ್ಟಿದ್ದೆನಬೇ. ಕಮಾನು ಬೇಕಂತ ಯಾರ್ ಹಟ ಹಿಡಿದಿದ್ರು?”

ಸೊಸೆ ಗಿರಿಜಾ ಒಳಗೆ ಪಾತ್ರೆ ಜೋಡಿಸುತ್ತಿದ್ದವಳು ಸದ್ದು ನಿಲ್ಲಿಸಿದಳು. ನನಗೂ ಜಪದ ನೆನಪಾಯಿತು, ಎದ್ದು ಹೋದೆ.

ಜಪದಲ್ಲಿ ಮನಸ್ಸು ನಿಲ್ಲಲಿಲ್ಲ. ಶಂಕ್ರಮ್ಮ ಸೀರೆಗೆ ಫಾಲ್ ಹಚ್ಚುವುದು, ಮದುವೆ ಮನೆಗಳಿಗೆ ಖಡಕ್ ರೊಟ್ಟಿ ಬಡಿದುಕೊಡುವುದು ಎಲ್ಲ ಕಣ್ಣೆದುರಿಗೇ ನಡೆದದ್ದು. ಅವಳ ರಟ್ಟೆ, ಅವಳ ದುಡ್ಡು. ಆದರೆ ಎಮ್ಮೆ? ಎಮ್ಮೆಯ ಹತ್ತಿರ ಬಂದಾಗ ಮಣಿ ಕೈಯಲ್ಲೇ ನಿಂತಿತು. ಅವಳ ಎಮ್ಮೆ ಏನು ತಿಂದು ಹಾಲು ಕೊಡುತ್ತದೆ? ಹುಲ್ಲಿನ ಮೇಲೆ ಮುಸುರೆ. ಅಕ್ಕಿ ತೊಳೆದ ನೀರು, ಗಂಜಿ, ಕಾಯಿಪಲ್ಯದ ಸಿಪ್ಪೆ, ಉಳಿದ ಬಳಿದದ್ದು ಎಲ್ಲ ಕೂಡಿದ ನೀರು. ಯಾರ ಮನೆಯದು? ನಮ್ಮದು! ಬೆಳಿಗ್ಗೆ ಸಂಜೆ ನಮ್ಮ ಹಿತ್ತಲ ಬಾಗಿಲಿಗೆ ಬಂದು ಬಕೆಟ್ಟು ತುಂಬಿ ಒಯ್ಯುತ್ತಾಳೆ, ಇಷ್ಟು ವರ್ಷ ಪುಕ್ಕಟೆ. ಅದನ್ನೇ ಎಮ್ಮೆಗೆ ಕುಡಿಸಿ, ಹಾಲು ಹಿಂಡಿ, ಲೀಟರಿನ ಲೆಕ್ಕದಲ್ಲಿ ನಮಗೇ ಮಾರುತ್ತಾಳೆ. ಎಮ್ಮೆ ತಿಂದದ್ದು ನನ್ನದು, ಹಾಲು ಅವಳದು, ಹಾಲಿಗೆ ದುಡ್ಡು ಕೊಟ್ಟವಳೂ ನಾನು. ಅಂದರೆ ಅವಳ ಮನೆಯ ಅಡುಗೆಕೋಣೆಯಾದರೂ ನನ್ನ ಮುಸುರೆಯ ಮೇಲೆ ನಿಂತಿದೆ! ಪಕ್ಕದಲ್ಲಿ ನನ್ನ ಕಮಾನು ಮಾತ್ರ ಸಾಲದ ಮೇಲೆ ನಿಂತಿದೆ.

“ಗಿರಿಜಾ, ನಾಳಿಂದ ಶಂಕ್ರಮ್ಮಗ ಮುಸುರಿ ಬಂದ್” ಎಂದೆ.

“ಮತ್ತ ಎಲ್ಲಿ ಚೆಲ್ಲೂಣ್ರಿ ಅತ್ತಿ?”

“ಎಲ್ಲ್ಯಾರ ಚೆಲ್ಲು. ನಮ್ಮ ಮುಸುರಿ, ನಮ್ಮ ಖುಷಿ.”

“ಆದ್ರ ಎಮ್ಮಿ ಗಬ್ಬ ಐತ್ರಿ. ಇನ್ನೇನು ಈಯೋ ದಿನ. ಗಿಣ್ಣ…” ಎಂದು ಅಲ್ಲಿಗೇ ನಿಲ್ಲಿಸಿದಳು. ನನ್ನ ಸೊಸೆಗೆ ಅಡುಗೆಯಲ್ಲಿ ಉಪ್ಪು ಎಷ್ಟು ಹಾಕಬೇಕೆಂದು ಗೊತ್ತಿಲ್ಲ, ಮಾತು ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ಚೆನ್ನಾಗಿ ಗೊತ್ತು.

ಗಿಣ್ಣ ನನ್ನ ದೌರ್ಬಲ್ಯ. ಎಮ್ಮೆ ಈದ ಮೊದಲ ದಿನಗಳ ದಪ್ಪ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಬೆಣ್ಣೆಯಂತೆ ಗಟ್ಟಿಯಾಗುತ್ತದಲ್ಲ, ಹಲ್ಲಿಲ್ಲದವರಿಗೆ ಅಂತ ದೇವರು ಏನಾದರೂ ಮಾಡಿಟ್ಟಿದ್ದರೆ ಅದೊಂದೇ. ಅದನ್ನು ಯಾರೂ ಮಾರುವುದಿಲ್ಲ, ಮಾರಬಾರದು. ಮುಸುರೆ ಕೊಟ್ಟ ಮನೆಗಳಿಗೆ ಹಂಚುತ್ತಾರೆ. ಮುಸುರೆ ನಿಲ್ಲಿಸಿದವರಿಗೆ ಗಿಣ್ಣ ಕೇಳುವ ಬಾಯಿ ಎಲ್ಲಿದೆ? ಒಂದು ಗಳಿಗೆ ಯೋಚನೆಯಾಯಿತು. ಆದರೆ ಆಡಿದ ಮಾತು ಆಡಿದ್ದೇ.

ಮುಸುರೆ ಚೆಲ್ಲುವುದೂ ಒಂದು ಕೆಲಸ ಎಂದು ಆಮೇಲೆ ಗೊತ್ತಾಯಿತು. ಮುಂದಿನ ಗಟಾರಕ್ಕೆ ಸುರಿದರೆ ಅನ್ನದಗುಳು ಕಟ್ಟಿಕೊಂಡು ನೀರು ಎದುರು ಮನೆಯ ಮೆಟ್ಟಿಲಿಗೆ ಏರಿತು, ಅವರು ಬಯ್ದರು. ದಂಡವಾಗಬಾರದೆಂದು ಕರಿಬೇವಿನ ಗಿಡಕ್ಕೆ ಹಾಕಿಸಿದೆ. ಅದು ಮೂರು ದಿನ ತಡೆದುಕೊಂಡು ಎಲೆ ಉದುರಿಸಿತು. ನೊಣ ಬಂದವು, ನೊಣದ ಹಿಂದೆ ಹಂದಿ ಬಂದವು. ಹಂದಿ ಓಡಿಸಲು ನಾನು ಕೋಲು ಹಿಡಿದು ಕಟ್ಟೆಯ ಮೇಲೆ ಕೂತರೆ ಹೋಗಿಬರುವವರು “ಏನಮರಮ್ಮ, ಹಂದಿ ಸಾಕೀರೇನು?” ಎಂದು ಕೇಳತೊಡಗಿದರು.

ಒಂದು ಸಂಜೆ ಆ ಎಮ್ಮೆಯೇ ಬಂತು. ಕಾಲುವೆಯ ಕಡೆಯಿಂದ ಮೇಯ್ದು ಬಂದದ್ದು ತನ್ನ ಮನೆ ದಾಟಿ ಸೀದಾ ನಮ್ಮ ಗೇಟಿಗೆ ನಿಂತು ಕೂಗಿತು. ಬಾಕಿ ವಸೂಲಿಗೆ ಬಂದವರು ಕೂಗುತ್ತಾರಲ್ಲ, ಹಾಗೆ. ನಾನು “ಹೈ, ಹೈ” ಎಂದು ಕೋಲೆತ್ತಿದೆ. ಅದು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕಮಾನಿನ ಕಂಬಕ್ಕೆ ಕೋಡು ಉಜ್ಜಿತು. ಮೇಲಿನ ಹೆಂಚೊಂದು ಕೆಳಗೆ ಬಿದ್ದು ಚೂರಾಯಿತು. ಆ ಹೆಂಚಿನ ಕಂತು ಇನ್ನೂ ಕಟ್ಟುತ್ತಿದ್ದೇವೆ.

ಶಂಕ್ರಮ್ಮ ಹಗ್ಗ ಹಿಡಿದು ಓಡಿಬಂದಳು. ಜಗಳಕ್ಕೆ ಬೇಕಾದ ಮಾತೆಲ್ಲ ನನ್ನ ಬಾಯಿಯ ತುದಿಗೆ ಬಂದು ನಿಂತಿತ್ತು. ಅವಳು ಜಗಳವನ್ನೇ ತಂದಿರಲಿಲ್ಲ.

“ಅಯ್ಯ ನಿನ್ನ, ಹೆಂಚು ಕೆಡವಿದೆಲ್ಲೇ! ದೊಡ್ಡವ್ವಾ, ಅದನ್ನ ನಾ ಹಾಕಿಸಿಕೊಡ್ತೀನ್ರಿ. ಯಾಕ, ನಮ್ಮೆಮ್ಮಿ ಮ್ಯಾಲೆ ಸಿಟ್ಟಾಗೀರೇನು?”

“ಸಿಟ್ಟ್ಯಾಕ? ನಮ್ಮನ್ಯಾಗ ಈಗ ಏನೂ ಉಳಿಯಂಗಿಲ್ಲ.”

“ಅದಕ ನೋಡ್ರಿ, ಬರಗೆಟ್ಟು ಬಂದೈತಿ. ಆರು ಮನಿ ಮುಸುರಿ ತರ್ತೀನಿ, ಬ್ಯಾರೆ ಮನೀದು ಬರೀ ನೀರು. ಮೂಸಿ ಬಿಡತೈತಿ. ನಿಮ್ಮನಿ ಬಕೆಟ್ ಅಂದ್ರ ಹಬ್ಬ ಇದಕ್ಕ. ಕೈ ಹಾಕಿದ್ರ ತಳ ಹತ್ತಂಗಿಲ್ಲ, ಅಷ್ಟು ಗಟ್ಟಿ! ಅನ್ನ, ರೊಟ್ಟಿ, ಉಪ್ಪಿಟ್ಟು… ಧಾರಾಳ ಕೈರಿ ನಿಮ್ದು.”

ಧಾರಾಳ ಕೈ! ಐವತ್ತು ವರ್ಷ ಸಂಸಾರ ಮಾಡಿದ್ದೇನೆ, ಇಂಥ ಬೈಗುಳ ಯಾರೂ ಬೈದಿರಲಿಲ್ಲ. “ನಿಮ್ಮನಿ ಮುಸುರಿ ಹೆಂಗಿರತೈತಿ?” ಎಂದು ಕೇಳಿದೆ. ಕೇಳಬಾರದಿತ್ತು.

“ನಮ್ಮನ್ಯಾಗ ಮುಸುರಿ ಎಲ್ಲೈತ್ರಿ ದೊಡ್ಡವ್ವಾ? ಮಾಡಿದ್ದು ಮಾಡಿದಂಗ ಖಾಲಿ” ಎಂದು ಎಮ್ಮೆಯನ್ನು ಎಳೆದುಕೊಂಡು ಹೋದಳು.

ಮರುದಿನ ಯಾರೂ ಇಲ್ಲದಾಗ ಹಿತ್ತಲಿಗೆ ಹೋಗಿ ತೋಳು ಏರಿಸಿ ನಮ್ಮ ಬಕೆಟ್ಟಿಗೆ ಕೈ ಹಾಕಿದೆ. ತಳ ಹತ್ತಲಿಲ್ಲ. ಅರ್ಧ ರೊಟ್ಟಿ, ಮೊಮ್ಮಗ ಮೂಲೆಯಷ್ಟೇ ಕಚ್ಚಿ ಬಿಟ್ಟ ದೋಸೆ, ಶಾವಿಗೆ, ಎಲ್ಲದಕ್ಕಿಂತ ಹೆಚ್ಚು ಅನ್ನ. ಇಷ್ಟು ವರ್ಷ ನಾನು ಮುಂದಿನ ಬಾಗಿಲಲ್ಲಿ ಸೋಪಿನ ಚೂರು ಕಾಯುತ್ತ ಕೂತಿದ್ದೆ. ಹಿತ್ತಲ ಬಾಗಿಲಿನಿಂದ ದಿನಾ ಎರಡು ಹೊತ್ತು ಕಂತು ಹೋಗುತ್ತಿತ್ತು, ಅದೂ ಇನ್ನೊಬ್ಬರ ಸಾಲದ ಕಂತು. ಗಿರಿಜಾಳನ್ನು ಕರೆದು ಬಕೆಟ್ಟು ತೋರಿಸಿ ಕೇಳಿದೆ, “ಇಷ್ಟ್ಯಾಕ ಅನ್ನ ಮಾಡ್ತಿ?”

ಅವಳು ತಲೆ ಎತ್ತದೆ ಹೇಳಿದಳು. “ನಾ ಬರಾಬರ್ ಅಳದ ಇಟ್ಟಿರ್ತೀನ್ರಿ ಅತ್ತಿ. ಆಮ್ಯಾಲೆ ನೀವ ಬಂದು ಮ್ಯಾಲೊಂದು ಹಿಡಿ ಹಾಕ್ತೀರಿ.”

ಹಾಕುತ್ತೇನೆ. ಸುಳ್ಳಲ್ಲ. ದಢೇಸುಗೂರಿನ ತವರುಮನೆಯಲ್ಲಿ ನನ್ನವ್ವ ಹಾಕುತ್ತಿದ್ದಳು, ಬಂದವರಿಗೆ ಇರಲಿ ಎಂದು. ಅಲ್ಲಿ ಗದ್ದೆ ಕೆಲಸದವರು, ಬೀಗರು, ದಾರಿಹೋಕರು ಯಾರಾದರೂ ಬಂದೇ ಬರುತ್ತಿದ್ದರು. ಈ ಪ್ಲಾಟಿಗೆ ಯಾರು ಬರುತ್ತಾರೆ? ಬರುವವರು ಫೋನು ಮಾಡಿ, ಉಂಡು ಬರುತ್ತಾರೆ. ಆದರೂ ಯಾರಾದರೂ ಬಂದಾಗ ಅನ್ನ ಸಾಲದೆ ಹೋಗಿ, ‘ಅಮರಮ್ಮ ಜಿಪುಣಿ’ ಎಂದರೆ? ಬಿಗಿ ಕೈ ಎನಿಸಿಕೊಳ್ಳಲು ಸೋಪು ಅಂಟಿಸಬೇಕು, ಜಿಪುಣಿ ಎನಿಸಿಕೊಳ್ಳದಿರಲು ಹಿಡಿ ಅಕ್ಕಿ ಹಾಕಬೇಕು. ಎರಡೂ ಹೆಸರು ಕಾಯಲು ನಾನು ಪಟ್ಟ ಕಷ್ಟವನ್ನೆಲ್ಲ ಎಮ್ಮೆ ಕುಡಿಯಿತು.

ಇಷ್ಟಾದರೂ ಬಕೆಟ್ಟು ಕಳಿಸಲು ಮನಸ್ಸಾಗಲಿಲ್ಲ. ಸೋತೆನೆಂದು ಗೊತ್ತಾಗುವುದು ಬೇರೆ, ಸೋತೆನೆಂದು ಬಕೆಟ್ಟು ಹೊತ್ತು ಹೋಗಿ ಹೇಳುವುದು ಬೇರೆ. ಆ ವಾರವೇ ಎಮ್ಮೆ ಈದಿತು. ಹೆಣ್ಣು ಕರು. ಅದೂ ಅವಳಿಗೇ!

ಬೆಳಿಗ್ಗೆ ಗೋಡೆಯಾಚೆಯಿಂದ ಬೆಲ್ಲ, ಏಲಕ್ಕಿಯ ವಾಸನೆ ಬಂತು. ಕಟ್ಟೆಯ ಮೇಲೆ ಕೂತೆ. ಕಾಯಲು ಕೂತದ್ದಲ್ಲ, ಬಿಸಿಲಿಗೆ ಕೂತದ್ದು. ಶಂಕ್ರಮ್ಮ ಬಟ್ಟಲುಗಳ ಮೇಲೆ ತಟ್ಟೆ ಮುಚ್ಚಿಕೊಂಡು ಹೊರಟಳು. ಎದುರು ಮನೆಗೆ ಹೋದಳು. ಅದರ ಪಕ್ಕಕ್ಕೆ ಹೋದಳು. ನಮ್ಮ ಗೇಟು ದಾಟಿ ಮೂಲೆ ಮನೆಗೂ ಹೋದಳು. ನಾನು ಬಿಸಿಲು ಸಾಕೆಂದು ಒಳಗೆ ಬಂದೆ. ಒಲೆಯ ಮುಂದೆ ಕೂತೆ, ಎದ್ದೆ, ಜಪಮಣಿ ತೆಗೆದೆ, ಇಟ್ಟೆ. ಗಿರಿಜಾ ನೋಡಿಯೂ ನೋಡದ ಹಾಗೆ ಇದ್ದಳು. ಅದೊಂದು ಉಪಕಾರ ಮಾಡಿದಳು.

“ದೊಡ್ಡವ್ವಾ” ಎಂದು ಬಾಗಿಲಲ್ಲಿ ಧ್ವನಿ ಕೇಳಿಸಿತು. ಕೈಯಲ್ಲಿದ್ದದ್ದು ಎಲ್ಲಕ್ಕಿಂತ ದೊಡ್ಡ ಬಟ್ಟಲು. “ನಿಮ್ದು ಕಡೀಗೆ ತಂದೀನ್ರಿ, ಕುಂತು ನಾಕು ಮಾತಾಡೂಣಂತ. ತಿನ್ರಿ. ಈ ಹಾಲಿನ್ಯಾಗ ಅರ್ಧ ನಿಮ್ಮನಿ ಅನ್ನ ಐತಿ. ಸಾಲ ತೀರಿದ್ದರಾಗೂ ನಿಮ್ಮದೊಂದು ಹಿಸ್ಸೆ ಐತಿ.”

ನಾನು ಜಗಳಕ್ಕೆಂದು ಇಷ್ಟು ದಿನ ಕೂಡಿಟ್ಟಿದ್ದ ಮಾತು ಅದು. ಅದನ್ನು ಅವಳು ಉಪಕಾರ ಸ್ಮರಣೆಗೆ ಆಡಿ ಮುಗಿಸಿಬಿಟ್ಟಳು. ಕಡೆಗೆ ಅದನ್ನೂ ನನಗೆ ಉಳಿಸಲಿಲ್ಲ. ಗಿಣ್ಣ ತಿಂದೆ. ಚೆನ್ನಾಗಿತ್ತು. ಬೆಲ್ಲ ಒಂದು ಚೂರು ಕಡಿಮೆ ಎಂದೆ, ಸುಮ್ಮನೆ. “ಬರೋ ತಿಂಗಳು ಮನಿಗೆ ಗಿಲಾವು ಮಾಡಸ್ತೀವ್ರಿ. ಅಂಗಿ ಹಾಕಿಸು ಅಂದಿದ್ರೆಲ್ಲ” ಎಂದು ನಕ್ಕಳು. “ಕಮಾನು?” ಎಂದೆ. “ಅಯ್ಯ, ಕಮಾನು ಯಾಕ್ರಿ, ಎಮ್ಮಿ ಕೆಡವಾಕ?” ಎಂದಳು.

ಬಟ್ಟಲನ್ನು ಖಾಲಿ ಕೊಡಬಾರದು. ಒಳಗೆ ಹೋಗಿ ಅಕ್ಕಿಡಬ್ಬಿ ತೆಗೆದು ಅದರಲ್ಲಿ ಒಂದು ಹಿಡಿ ಹಾಕಿದೆ. ಧಾರಾಳ ಕೈ ಎಂದದ್ದು ನೆನಪಾಗಿ ಅರ್ಧ ತೆಗೆದೆ. ಉಳಿತಾಯ ಎಲ್ಲಿಂದಾದರೂ ಶುರುವಾಗಬೇಕಲ್ಲ. ಅವಳು ಬಟ್ಟಲು ಹಿಡಿದು, ಜೊತೆಗೆ ಗಿರಿಜಾ ಕೊಟ್ಟ ಬಕೆಟ್ಟನ್ನೂ ಹಿಡಿದು ಹೋದಳು. ಉಳಿದ ಅರ್ಧ ಹಿಡಿ ನನ್ನ ಮುಷ್ಟಿಯಲ್ಲೇ ಇತ್ತು. ಪಕ್ಕದಲ್ಲಿ ಗಿರಿಜಾ ಅಳೆದು ತೊಳೆದಿಟ್ಟ ಮಧ್ಯಾಹ್ನದ ಅಕ್ಕಿ. ಯಾರಾದರೂ ಬಂದರೆ ಇರಲಿ ಎಂದು ಅದಕ್ಕೇ ಹಾಕಿದೆ. ಯಾರೂ ಬರಲಿಲ್ಲ. ಸಂಜೆ ಎಮ್ಮೆ ಕುಡಿಯಿತು.