ಪ್ರಾಪರ್ ಚಾನೆಲ್ಲಿಗೆ ಪೋರ್ಚುಗೀಸಿನಲ್ಲಿ ಎಂತ ಹೇಳುವುದು?

ಹೆಸರು ನೋಡಿ ಕೆಲಸ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ನನ್ನ ಹೆಸರು ಸಿಕ್ವೇರಾ; ಪೋರ್ಚುಗೀಸ್ ಆದದ್ದು ಆ ಹೆಸರು ಮಾತ್ರ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಮಂಗಳೂರಿನ ಬಂದರು ಆಫೀಸಿನಲ್ಲಿ ಜವಾನನಾದವನು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಆಫೀಸಿನಲ್ಲಿ ಕನ್ನಡ. ಇಷ್ಟರಲ್ಲೇ ನನ್ನ ನಾಲಗೆಗೆ ಸುಸ್ತು.

ಒಂದು ದಿನ ಗೋವೆಯ ಜುವಾಂವ್ ತಾಂಡೇಲ ಬಂದ. ಮಂಜಿ ಎಂಬ ಹಾಯಿಹಡಗು ನಡೆಸಿ ಹೆಂಚು ಒಯ್ಯುವ ಮುದುಕ. ಬರುವ ಸೋಮವಾರ ಊರಲ್ಲಿ ಅವನ ಮಗಳ ಮದುವೆ. ಬಂದ ದಿನವೇ ಬಂದರು ಬಿಟ್ಟು ಹೊರಡಲು ಪರವಾನಗಿ ಬೇಕಿತ್ತು. ನಮ್ಮ ದೊರೆಗೆ ಎಲ್ಲದಕ್ಕೂ ಒಂದೇ ಉತ್ತರ: "ಥ್ರೂ ಪ್ರಾಪರ್ ಚಾನೆಲ್." ಅಂದರೆ ಅರ್ಜಿ ಕೆಳಗಿನ ಗುಮಾಸ್ತನಿಂದ ಒಂದೊಂದೇ ಮೇಜು ಹತ್ತಿ ಮೇಲೆ ಬರಬೇಕು. ಹತ್ತುವಷ್ಟರಲ್ಲಿ ಮದುಮಗಳು ತಾಯಿಯಾಗುತ್ತಾಳೆ. ಆ ಉತ್ತರವನ್ನೂ, ತಾಂಡೇಲ ಗೋವೆಯವನಾದ್ದರಿಂದ, ಪೋರ್ಚುಗೀಸಿನಲ್ಲೇ ತಿಳಿಸಬೇಕೆಂದು ದೊರೆಯ ಹುಕುಂ.

ಹೆಡ್ ಗುಮಾಸ್ತ ಶೆಟ್ರು ನನ್ನನ್ನು ಕರೆದರು. "ಹೇಳು ಮಾರಾಯ, ನಿನ್ನ ಭಾಷೆ ಅಲ್ವಾ?"

"ನನಗೆ ಎಲ್ಲಿ ಬರ್ತದೆ ಶೆಟ್ರೇ? ಕೊಂಕಣಿಯಲ್ಲಿ ಹೇಳ್ತೇನೆ, ಅವನಿಗೆ ತಿಳೀತದೆ."

"ತಿಳಿಯುವುದು ಬೇಡ. ಪೋರ್ಚುಗೀಸ್ ಆದ್ರೆ ಸಾಕು. ದೊರೆ ಅಲ್ಲೇ ಕೂತು ಕೇಳ್ತಾ ಇದ್ದಾರೆ."

ಗೋವೆಯ ನಾವಿಕರು ಅಳಿವೆಯ ಆಳದ ನೀರಿನ ದಾರಿಗೆ "ಕನಾಲ್" ಅನ್ನುವುದನ್ನು ಕೇಳಿದ್ದೆ. ಚಾನೆಲ್ಲಿಗೆ ಅದೇ ಸಾಕು. ಪ್ರಾಪರಿನ ಬಾಲಕ್ಕೆ ಒಂದು 'ಯು' ಅಂಟಿಸಿದೆ. ಎದೆ ಸೆಟೆದು, "ಕನಾಲ್ ಪ್ರೋಪ್ರಿಯು" ಎಂದೆ. ದೊರೆ ತಲೆಯಾಡಿಸಿದ. ತಾಂಡೇಲನೂ ತಲೆಯಾಡಿಸಿ, ಟೊಪ್ಪಿ ತೆಗೆದು, ಬಂದ ದಾರಿಯಲ್ಲೇ ಹೋದ. ಪಾಪ, ಮದುವೆ ತಪ್ಪಿತಲ್ಲ ಎಂದು ನನಗೆ ಅನ್ನ ಸೇರಲಿಲ್ಲ.

ಮರುದಿನ ನೋಡಿದರೆ ಬಂದರಿನಲ್ಲಿ ಅವನ ಮಂಜಿಯೇ ಇಲ್ಲ. ಅಳಿವೆಯ ಬಾಯಲ್ಲಿರುವ ಬೆಂಗ್ರೆಯ ಮೀನುಗಾರರು ಕಂಡಿದ್ದರಂತೆ. ಆಳದ ದಾರಿಯಲ್ಲಿ ನೆಟ್ಟಗೆ ಹಾಯಿ ಬಿಟ್ಟು ಸಮುದ್ರಕ್ಕೆ ಇಳಿದನಂತೆ. ಪರವಾನಗಿ ಇಲ್ಲದೆ ಹೋದನಲ್ಲ ಎಂದು ಶೆಟ್ರು ತಲೆಗೆ ಕೈ ಇಟ್ಟರು. ದೊರೆ ನನ್ನನ್ನೇ ಕರೆಸಿ ಕೇಳಿದ, ಆ ತಾಂಡೇಲ ಎಂತ ಮಾಡಿದ ಎಂದು.

"ಪ್ರಾಪರ್ ಚಾನೆಲಿನಲ್ಲೇ ಹೋದ, ಸಾರ್."

ತನ್ನ ಮಾತನ್ನು ಕೇಳಿ ನಡೆದವನು ಒಬ್ಬನಾದರೂ ಸಿಕ್ಕಿದನಲ್ಲ ಎಂದು ದೊರೆಗೆ ಖುಷಿಯೋ ಖುಷಿ.

ತಿಂಗಳ ಮೇಲೆ ತಾಂಡೇಲ ಮದುವೆಯ ಸಿಹಿತಿಂಡಿ ದೋದೊಲ್ ಕಟ್ಟಿಕೊಂಡು ಬಂದ. ಕೊಂಕಣಿಯಲ್ಲಿ, "ಪುತಾ, ಸರಿಯಾದ ದಾರಿಯಲ್ಲಿ ಹೋಗು ಅಂತ ಅಪ್ಪಣೆ ಕೊಟ್ಟೆಯಲ್ಲ, ನೀನು ದೊಡ್ಡ ಮನುಷ್ಯ" ಎಂದ. ನಾನು ಇನ್ನೊಂದು ತುಂಡು ದೋದೊಲ್ ಬಾಯಿಗೆ ಹಾಕಿಕೊಂಡೆ.

ಈಗ ಗೋವೆಯ ಮಂಜಿಯವರೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ದೊರೆಯೂ ನನ್ನನ್ನು ದುಭಾಷಿ ಅನ್ನುತ್ತಾನೆ. ಮರ್ಯಾದೆಗೆ ಪೋರ್ಚುಗೀಸ್ ಕಲಿತೇಬಿಡೋಣ ಅಂದುಕೊಂಡಿದ್ದೆ. ಆಮೇಲೆ ಬೇಡವೆನಿಸಿತು. ನಾನು ಸರಿಯಾಗಿ ಕಲಿತರೆ ಒಂದು ಮಂಜಿಯೂ ಮಂಗಳೂರು ಬಿಡಲಿಕ್ಕಿಲ್ಲ.