ಮೂಲೆ ಹರಿದ ಮುಂಬಯಿ ಕಾರ್ಡು

ಜಮಖಂಡಿಯ ಹುಡುಗಿಯರಲ್ಲೆಲ್ಲ ಮೊದಲಿಗಳಾಗಿ ನಮ್ಮ ಕುಮುದಿನಿ ಮೆಟ್ರಿಕ್ ಪಾಸಾದ ದಿನವೇ ನಾನೊಂದು ಘೋಷಣೆ ಹೊರಡಿಸಿದೆ.

"ಇಕಿ ಮುಂಬಯಿಯೊಳಗ ಕಲೀತಾಳ. ಯಾವ ಕಾಲೇಜು ಅನ್ನೋದು ನಾನೊಬ್ಬನೇ ಆರಿಸ್ತೀನಿ. ಯಾರೂ ನಡುವ ಬಾಯಿ ಹಾಕೂ ಹಂಗಿಲ್ಲ."

ಸಂಸ್ಥಾನದ ದಫ್ತರದಲ್ಲಿ ಹದಿನೆಂಟು ವರ್ಷ, ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿದ ಮೇಲೆ ಮಾಮಲೇದಾರ ಕಚೇರಿಯಲ್ಲಿ ಐದು ವರ್ಷ ಕಾಗದಪತ್ರ ನೋಡಿದವನು ನಾನು. ಯಾವುದೇ ಕಾಗದದ ಹಣೆಬರಹವನ್ನು ಮಾರು ದೂರದಿಂದಲೇ ಹೇಳಬಲ್ಲೆನೆಂಬ ಜಂಬ ನನಗಿತ್ತು. ಐದು ಕಾಲೇಜುಗಳ ಮಾಹಿತಿ ಪುಸ್ತಕ ತರಿಸಿ, ಉದ್ದನೆಯ ತಖ್ತೆ ಗೀಚಿ, ನಾನೇ ಪರೀಕ್ಷಕನಾಗಿ ಅಂಕ ಕೊಟ್ಟೆ. ಸಮುದ್ರಕ್ಕೆ ತೀರ ಹತ್ತಿರವೆಂದು ಒಂದು ಕಾಲೇಜು ನಪಾಸಾಯಿತು; ನಮ್ಮ ಹುಡುಗಿಗೆ ನೆಗಡಿ ಬೇಗ. ಎರಡು ಸಲ ಟ್ರಾಮು ಬದಲಿಸಬೇಕೆಂದು ಇನ್ನೊಂದು ಬಿತ್ತು. ಪ್ರಿನ್ಸಿಪಾಲರ ಸಹಿ ಓದಲು ಬರುವುದಿಲ್ಲವೆಂದು ಮೂರನೆಯದನ್ನು ಕೆಡವಿದೆ. ನಾಲ್ಕನೆಯದು ಯಾಕೆ ಬಿತ್ತೋ ಈಗ ನೆನಪಿಲ್ಲ. ಉಳಿದ ಒಂದೇ ಒಂದಕ್ಕೆ ಅರ್ಜಿ ಹಾಕಿದೆ.

"ಐದಕ್ಕೂ ಹಾಕಿದ್ರ ಗಂಟೇನು ಹೋಗ್ತಿತ್ತು?" ಎಂದಳು ಹೆಂಡತಿ ತುಳಸಾಬಾಯಿ.

"ಆರಿಸೂದು ಅಂದ್ರ ಒಂದನ್ನ ಆರಿಸೂದು. ಸಂತಿಯೊಳಗ ಬದನಿಕಾಯಿ ತಂದಂಗಲ್ಲ."

ಮುಂಬಯಿಯ ಗಿರಗಾಂವದ ಚಾಳಿನಲ್ಲಿ ತುಳಸಾಳ ಸೋದರಮಾವ ವಿಠೋಬಾ ಮಾಮಾ ಇದ್ದರು. ಕುಮುದಿನಿ ಅವರ ಮನೆಯಲ್ಲೇ ಇದ್ದು ಕಲಿಯುವುದೆಂದು ಗೊತ್ತಾಯಿತು. ಅರ್ಜಿಯಲ್ಲಿ ಮುಂಬಯಿಯ ಪಾಲಕರೆಂದು ಅವರ ಹೆಸರನ್ನೇ ಬರೆದೆ. ಮಾಮಾನಿಗೆ ಎಪ್ಪತ್ತು ದಾಟಿತ್ತು, ಮೇಲಾಗಿ ದಮ್ಮು. ಅರ್ಜಿ ಹೋದ ಮೇಲೆ, ಟಪಾಲು ಬಂದರೆ ಮೊದಲು ನಾನೇ ನೋಡಬೇಕೆಂದು ಮನೆಯಲ್ಲಿ ಹುಕುಂ ಮಾಡಿದೆ.

ಒಂದು ಮಂಗಳವಾರ ಚಷ್ಮಾವನ್ನು ಕಚೇರಿಯ ಮೇಜಿನ ಮೇಲೆ ಮರೆತು ಮನೆಗೆ ಬಂದೆ. ಹೊರಗಿನ ಕಟ್ಟೆಯ ಮೇಲೆ ಒಂದು ಕಾರ್ಡು ಬಿದ್ದಿತ್ತು. ಅದರ ಒಂದು ಮೂಲೆ ಇರಲಿಲ್ಲ!

ನಮ್ಮ ಕಡೆ ಸಾವಿನ ಸುದ್ದಿ ಬರೆಯುವವರು ಕಾರ್ಡಿನ ಮೂಲೆ ಹರಿದು ಕಳಿಸುತ್ತಾರೆ. ಅಂಥದನ್ನು ಹೊಸ್ತಿಲು ದಾಟಿಸಬಾರದು. ಹೊರಗೇ ಓದಿ, ಹೊರಗೇ ಹರಿದು ಚೆಲ್ಲಿ, ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕು. ಅಕ್ಷರಗಳೆಲ್ಲ ನನಗೆ ಇರುವೆ ಸಾಲಿನ ಹಾಗೆ ಕಂಡವು. ಮುಂಬಯಿ ಟಪಾಲಿನ ದೊಡ್ಡ ಶಿಕ್ಕಾ ಮಾತ್ರ ತಿಳಿಯಿತು. ಮುಂಬಯಿಯಲ್ಲಿ ನಮ್ಮವರೆಂದು ಇದ್ದದ್ದು ಒಂದೇ ಮನೆ.

"ತುಳಸಾ, ವಿಠೋಬಾ ಮಾಮಾ ಹೋಗಿಬಿಟ್ರು."

"ಅಯ್ಯ ನನ್ನ ಮಾಮಾ... ಏನಾಗಿತ್ತಂತ? ಏನ ಬರದಾರ?"

"ಬರಿಯೂದೇನದ? ಮೂಲಿ ನೋಡಿದ್ರ ತಿಳಿಯೂದಿಲ್ಲೇನು?"

"ಕುಮುದಿನಿ ಕಡಿಂದರ ಓದಸ್ರಿ."

"ಇಪ್ಪತ್ಮೂರು ವರ್ಷ ಕಾಗದ ನೋಡೀನಿ. ಸಣ್ಣ ಹುಡುಗಿ ಕಡಿಂದ ಓದಸ್ಲ್ಯಾ?"

ಚೂರುಚೂರು ಮಾಡಿ ಗಟಾರಿಗೆ ಚೆಲ್ಲಿದೆ. ಮೂವರೂ ತಲೆಯ ಮೇಲೆ ನೀರು ಹಾಕಿಕೊಂಡೆವು. ಒದ್ದೆ ಸೀರೆಯಲ್ಲೇ ತುಳಸಾ ಅಳುತ್ತ ಕೂತಳು. ನಾನು ಪಂಚೆ ಬದಲಿಸಿ, ಹಳೆಯ ಚಷ್ಮಾ ಹುಡುಕಿ ತೆಗೆದು, ಮಾಮಿಗೆ ಉಚ್ಚ ಮರಾಠಿಯಲ್ಲಿ ನಾಲ್ಕು ಪುಟದ ಸಮಾಧಾನಪತ್ರ ಬರೆದೆ. ತಮ್ಮ ಮೂಲೆ ಹರಿದ ಕಾರ್ಡು ಮಂಗಳವಾರ ತಲುಪಿತು, ನಮ್ಮ ಕುಲದ ಆಲದ ಮರವೇ ಉರುಳಿತು ಎಂದೆಲ್ಲ ಬರೆದೆ. ಕೊನೆಗೆ ತಾಜಾ ಕಲಂ: "ಮಾಮಾ ಮಲಗುತ್ತಿದ್ದ ಜಾಗ ಈಗ ತೆರವಾಗಿರುವುದರಿಂದ ಕುಮುದಿನಿಗೆ ಅಡಚಣೆಯಾಗದೆಂದು ನಂಬಿದ್ದೇನೆ."

ವಾರ ಕಳೆಯಿತು. ಕಾಲೇಜಿನಿಂದ ಉತ್ತರವಿಲ್ಲ. ದಿನಾ ಸಂಜೆ ಕುಮುದಿನಿ ಬಾಗಿಲಲ್ಲಿ ನಿಂತು, "ಕಾಲೇಜಿನ ಕಾಗದ ಬಂತೇನಪ್ಪಾ?" ಎಂದು ಕೇಳುವಳು. "ಮುಂಬಯಿ ಮಂದಿ ಸಾವಕಾಶ ಬರೀತಾರ" ಎಂದು ನಾನು ಹೇಳುವೆ. ಕಡೆಗೆ ತುಳಸಾ ಒಂದು ದಿನ ನಿಷ್ಠುರವಾಗಿ ಹೇಳಿದಳು.

"ಮಾಮಾನೇ ಇಲ್ಲದ ಊರಿಗೆ ಹುಡುಗೀನ ಯಾರ ಹೊಣಿ ಮ್ಯಾಲ ಕಳಸ್ತೀರಿ? ಕಾಲೇಜಿನವರದೂ ಸುದ್ದಿ ಇಲ್ಲ. ಮುಧೋಳದ್ದೊಂದು ವರ ಬಂದದ. ನೋಡಿಬಿಡೂಣು."

ಕುಮುದಿನಿ ಪುಸ್ತಕಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಕಟ್ಟಿ ನಾಗೊಂದಿಗೆಯ ಮೇಲಿಟ್ಟಳು.

ಮುಧೋಳದವರು ನಾಳೆ ಬರುತ್ತಾರೆ ಎನ್ನುವ ದಿನ ಬೆಳಿಗ್ಗೆ ಕುಡಚಿ ರೈಲು ಸ್ಟೇಷನ್ನಿನ ಬಸ್ಸಿನಿಂದ ಇಳಿದು, ಕೈಯಲ್ಲಿ ಕೊಡೆ ಹಿಡಿದು ವಿಠೋಬಾ ಮಾಮಾ ಬಾಗಿಲಿಗೆ ಬಂದು ನಿಂತರು. ತುಳಸಾಳ ಕೈಯಿಂದ ತಂಬಿಗೆ ಬಿತ್ತು.

"ಅಳಿಯಂದಿರ, ಜಾಗಾ ತೆರವಾಗೇದ ಅಂತ ಬರದೀರಲಾ. ನಾ ಇನ್ನೂ ಅಲ್ಲೇ ಮಲಗ್ಲಿಕತ್ತೀನ್ರಿ" ಎಂದರು.

ಅಷ್ಟರಲ್ಲಿ ಟಪಾಲಿನ ಪರಸಪ್ಪ ಓಣಿಯಲ್ಲಿ ಬಂದ. ಆ ಕಾರ್ಡಿನ ಮೂಲೆಯನ್ನು ಯಾಕೆ ಹರಿದೆಯೆಂದು ಅವನ ಮೇಲೆ ಏರಿ ಹೋದೆ.

"ನಾ ಕಟ್ಟಿ ಮ್ಯಾಲ ಇಟ್ಟಾಗ ನಾಕೂ ಮೂಲಿ ಇದ್ದುವ್ರಿ ಸಾಹೇಬ್ರ" ಎಂದ ಅವನು. "ಎದುರ ಮನಿ ಮುದಕವ್ವನ ಆಡು ಅಲ್ಲೇ ನಿಂತು ಏನೋ ಮೆಲ್ಲಾಕತ್ತಿತ್ತು."

ತುಳಸಾ ನನ್ನನ್ನು ನೋಡಿದ ನೋಟಕ್ಕೆ ನಾನು ಗಟಾರಿಗೇ ಇಳಿಯಬೇಕಿತ್ತು. ಮಾಮಾ ಕೊಡೆ ಮಡಚಿ, ನೀರು ಕುಡಿದು, ಸಾವಕಾಶವಾಗಿ ಕಥೆ ಬಿಚ್ಚಿದರು.

"ನಿಮ್ಮ ಪತ್ರ ಓದಿ ನಮ್ಮಾಕಿ ಅಳೋದೋ ನಗೋದೋ ತಿಳೀದಂಗ ಆದ್ಳು. ನಾವಂತೂ ಕಾರ್ಡು ಹಾಕಿಲ್ಲ. ಮುಂಬಯಿಯಿಂದ ನಿಮಗ ಇನ್ಯಾರು ಬರೀತಾರ? ನೇರ ಕಾಲೇಜಿಗೆ ಹೋದೆ. ಸೀಟು ಕೊಟ್ಟು ಕಾರ್ಡು ಹಾಕಿದ್ದು ಖರೆ, ಉತ್ತರ ಬರೂ ಮುದ್ದತು ಮುಗೀತು, ನಾಳೆ ಬ್ಯಾರೆಯವರಿಗೆ ಕೊಡ್ತೀವಿ ಅಂದ ಕಾರಕೂನ. ಪ್ರಿನ್ಸಿಪಾಲರ ಕಡೆ ಹೋಗಿ, ಮನ್ಯಾಗ ಸಾವಾಗಿತ್ತು, ಅದಕ್ಕ ಉತ್ತರ ಬರ್ಲಿಲ್ಲ ಅಂದೆ. ಯಾರು ತೀರಿದ್ರು ಅಂತ ಕೇಳಿದ್ರು. 'ನಾನೇ' ಅಂದೆ."

"ಆಮ್ಯಾಲೆ?" ಎಂದಳು ಕುಮುದಿನಿ.

"ನಿಮ್ಮಪ್ಪನ ಪತ್ರ ಮುಂದಿಟ್ಟೆ. ನಾಕೂ ಪುಟ ಓದಿದ್ರು. ಕಣ್ಣಾಗ ನೀರು ಬರೂ ಹಂಗ ನಕ್ಕು, ಸೀಟು ನಿನ್ನ ಹೆಸರಿಗೇ ಗಟ್ಟಿ ಮಾಡಿದ್ರವ್ವಾ. ಸೋಮವಾರ ಕ್ಲಾಸು ಚಾಲೂ."

ಕುಮುದಿನಿ ಮಾಮಾನ ಕಾಲು ಮುಟ್ಟಿ, ಒಂದೇ ಓಟಕ್ಕೆ ಹೋಗಿ ನಾಗೊಂದಿಗೆಯ ಗಂಟು ಇಳಿಸಿದಳು. ತುಳಸಾ ಅಳುತ್ತಲೇ ಶಿರಾಕ್ಕೆ ರವೆ ಹುರಿಯಲು ಹೋದಳು. ನನ್ನ ಎದೆಯ ಮೇಲಿನ ಬಂಡೆ ಇಳಿದು ಉಸಿರು ಸಲೀಸಾಯಿತು. ಉಸಿರಿನ ಬೆನ್ನಿಗೇ ಹಾಳು ಜಂಬವೂ ಬಂತು ನೋಡಿ.

"ಮಾಮಾ, ಪತ್ರ ಬರದವರು ಯಾರು ಅಂತ ಪ್ರಿನ್ಸಿಪಾಲರು ಕೇಳಿದ್ರೇನು?"

"ಕೇಳಿದ್ರಲಾ. ಹುಡುಗಿ ತಂದಿ ಅಂದೆ. 'ಹಂಗಾದ್ರ ಸೋಮವಾರದ ತನಕ ಕಾಯಬ್ಯಾಡ್ರಿ, ಇವತ್ತೇ ಗಾಡಿ ಹತ್ತಿ ಹೋಗಿ ಆ ಹುಡುಗೀನ ಅಲ್ಲಿಂದ ಕರ್ಕೊಂಡು ಬಂದುಬಿಡ್ರಿ' ಅಂದ್ರು. ಅದಕ್ಕ ಬಂದೀನಿ."