ಅಕ್ಕನ ಡಬ್ಬ, ನನ್ನ ಹತ್ತು ಪ್ರಶ್ನೆ

ಜನರಿಂದ ಫಾರಂ ತುಂಬಿಸುವ ಕೆಲಸಕ್ಕೆ ಇಳಿದವನಿಗೆ ನಗುವಿಗೇನೂ ಬರ ಇರುವುದಿಲ್ಲ. ಮೂರು ಭಾಷೆ ಬೆರೆಯುವ ಗಡಿಯ ಮೂಕಂಡಪಲ್ಲಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ನನಗೆ ಅದೇ ಕೆಲಸ. ಎಂಬತ್ತರ ದಶಕದ ಕೊನೆ. ನಮ್ಮಲ್ಲಿಗೆ ಮೂರು ಕಂಪ್ಯೂಟರ್ ಬಂದು ವರ್ಷವಾಗಿತ್ತು. ಯಾರು ಯಾವ ಸಾಫ್ಟ್‌ವೇರ್ ಬಳಸುತ್ತಾರೆ, ಎಲ್ಲಿಂದ ತರುತ್ತಾರೆ, ಒಂದು ಸರ್ವೆ ಮಾಡಿ ಕಳಿಸಿ ಎಂದು ಹೆಡ್ಡಾಫೀಸಿನವರು ಬರೆದರು. ಪ್ರಶ್ನೆ ಬರೆಯುವ ಹೊಣೆ ನನ್ನ ತಲೆಗೆ ಬಿತ್ತು.

ಒಂದು ಗೆರೆ ಸಾಲದು

ಒಂಬತ್ತು ಪ್ರಶ್ನೆ ನನ್ನವು. ಹತ್ತನೆಯದನ್ನು ಮ್ಯಾನೇಜರ್ ಸೇರಿಸಿದರು: 'ಕಂಪ್ಯೂಟರ್ ಬಂದ ಮೇಲೂ ಟೈಪಿಸ್ಟ್ ಬೇಕೆ?' ನಮ್ಮಲ್ಲಿದ್ದದ್ದು ಒಬ್ಬರೇ ಟೈಪಿಸ್ಟ್. ಎಲ್ಲರಿಗೂ ಅವರು ಅಕ್ಕ. ಅವಲಪಲ್ಲಿಯಲ್ಲಿದ್ದ ಅವರ ಮನೆ ನಡೆಯುತ್ತಿದ್ದದ್ದು ಆ ಸಂಬಳದಿಂದಲೇ. ಗ್ರಹಚಾರ ನೋಡಿ, ಫಾರಂನ ಪ್ರತಿ ತೆಗೆಯುವ ಸ್ಟೆನ್ಸಿಲ್ ಕೂಡ ಅವರೇ ಹೊಡೆಯಬೇಕು! ಕಾಗದ ಕೊಟ್ಟು ಕಿಟಕಿಯ ಕಡೆ ತಿರುಗಿ ನಿಂತೆ. ಹತ್ತನೆಯ ಪ್ರಶ್ನೆಗೆ ಬಂದಾಗ ಟೈಪಿನ ಸದ್ದು ನಿಂತುಹೋಯಿತು.

"ಸಾರ್, ಇದ್ಕೆ ಉತ್ರ ಬರೆಯಾಕೆ ಒಂದ್ ಗೆರೆ ಸಾಲ್ದು. ಬಯ್ಯೋರ್ಗೂ ಜಾಗ ಬೇಕಲ್ವಾ? ಇನ್ನೆರಡು ಹಾಕ್ತೀನಿ" ಎಂದರು ಅಕ್ಕ.

ದೊಡ್ಡವರು ಹೇಳಿದ ಮೇಲೆ

ನಮ್ಮ ಆಫೀಸಿನಲ್ಲಿ ಯಾವ ಕಾಗದವಾದರೂ ಮೊದಲು ಮ್ಯಾನೇಜರ್ ತುಂಬಬೇಕು, ಆಮೇಲೆ ಮಿಕ್ಕವರು. ಅವರು ಬರೆದರು: 'ನಾನು ಕಂಪ್ಯೂಟರ್ ಮುಟ್ಟುವುದಿಲ್ಲ. ಟೈಪಿಸ್ಟ್ ಬೇಡ.' ಅದು ಮೇಜಿಂದ ಮೇಜಿಗೆ ಹೋಯಿತು. ಸಂಜೆಗೆ ಅಕ್ಕನದೊಂದು ಬಿಟ್ಟು ಎಲ್ಲರ ಫಾರಂ ಬಂತು. ಎಲ್ಲದರಲ್ಲೂ ಅದೇ ಎರಡು ವಾಕ್ಯ.

ಸ್ಟೋರ್ಸಿನ ಗುಮಾಸ್ತ ಸೂಳಗಿರಿಯವನು. ಬೆಳಿಗ್ಗೆ ಟೊಮೇಟೊಗೆ ನೀರು ಬಿಟ್ಟು ಬಂದು, ಸಂಜೆಯವರೆಗೂ ಕಂಪ್ಯೂಟರ್ ಮುಂದೆಯೇ ಕೂರುವವನು. ಅವನನ್ನು ಹಿಡಿದುಕೊಂಡೆ.

"ಏನ್ಲಾ ಇದು? ನೀನು ಕಂಪ್ಯೂಟರ್ ಮುಟ್ಟಾಕಿಲ್ವಾ?"

"ಸಾಯೇಬ್ರೇ ಮುಟ್ಟಾಕಿಲ್ಲ ಅಂದ್ಮೇಲೆ ನಾನು ಮುಟ್ತೀನಿ ಅಂತ ಬರುದ್ರೆ ಅಧಿಕಪ್ರಸಂಗ ಆಗಾಕಿಲ್ವಾ ಸಾರ್?"

ಹಸಿರು ಶಾಯಿ

ನಗು ಬಂದರೂ ಅಂದು ನನಗೆ ಊಟ ಸೇರಲಿಲ್ಲ. ಸಾಹೇಬರಿಗೆ ಜನ ತೋರಿಸಿದ ಮರ್ಯಾದೆಯೇ ಅಕ್ಕನ ಅನ್ನಕ್ಕೆ ಕಲ್ಲು ಹಾಕುತ್ತಿತ್ತು. ಇನ್ನೊಂದು ಸಲ ಕೇಳುತ್ತೇನೆ ಎಂದು ಮ್ಯಾನೇಜರ್ ಹತ್ತಿರ ಬೇಡಿಕೊಂಡೆ. "ಕೇಳ್ರೀ. ಆಗಲೂ ಇದೇ ಬಂದ್ರೆ ಈ ತಿಂಗಳಿಗೇ ಆಕೆಯನ್ನ ಬಿಡಿಸೋದು" ಎಂದರು.

ಹೊಸ ಫಾರಂನಲ್ಲಿ ಹೆಸರಿಲ್ಲ, ಸಹಿಯಿಲ್ಲ. ತುಂಬಿ ಪೆಟ್ಟಿಗೆಗೆ ಹಾಕಿದರಾಯಿತು, ಎಲ್ಲರ ಜೊತೆ ಮ್ಯಾನೇಜರ್ ಕೂಡ. ಹತ್ತನೆಯ ಪ್ರಶ್ನೆಯನ್ನೂ ಬದಲಾಯಿಸಿದೆ: 'ಕಂಪ್ಯೂಟರ್ ಕೈಕೊಟ್ಟರೆ ಮೊದಲು ಯಾರನ್ನು ಕರೆಯುತ್ತೀರಿ?'

ಮ್ಯಾನೇಜರ್ ಎದುರಿಗೇ ಪೆಟ್ಟಿಗೆ ತೆಗೆದೆ. ಸಾಫ್ಟ್‌ವೇರ್ ಎಲ್ಲಿಂದ ತರುತ್ತೀರಿ? 'ಅಕ್ಕನ ಬಿಸ್ಕತ್ತಿನ ಡಬ್ಬದಿಂದ.' ಧೂಳು ಬೀಳಬಾರದೆಂದು ಅಕ್ಕ ಸಾಫ್ಟ್‌ವೇರ್ ಇದ್ದ ಫ್ಲಾಪಿಗಳನ್ನು ಡಬ್ಬದಲ್ಲಿಟ್ಟು, ಒಂದೊಂದಕ್ಕೂ ಯಾವ ಕೀ ಒತ್ತಬೇಕೆಂಬ ಚೀಟಿ ಸುತ್ತಿಟ್ಟಿದ್ದರಂತೆ. ನನಗೇ ಗೊತ್ತಿರಲಿಲ್ಲ! ಯಾರನ್ನು ಕರೆಯುತ್ತೀರಿ? ಕನ್ನಡದಲ್ಲಿ ಅಕ್ಕ, ತಮಿಳಿನಲ್ಲಿ ಅಕ್ಕ, ತೆಲುಗಿನಲ್ಲೂ ಅಕ್ಕ. ಓದುತ್ತಾ ಓದುತ್ತಾ ನನ್ನ ಕಣ್ಣು ತುಂಬಿತು.

ಒಂದು ಫಾರಂ ಹಸಿರು ಶಾಯಿಯಲ್ಲಿತ್ತು. ಅದರಲ್ಲೂ 'ಅಕ್ಕ' ಎಂದೇ ಇತ್ತು. ಆಫೀಸಿನಲ್ಲಿ ಹಸಿರು ಪೆನ್ನು ಇದ್ದದ್ದು ಒಬ್ಬರ ಹತ್ತಿರ ಮಾತ್ರ. ಮ್ಯಾನೇಜರ್ ಕೆಮ್ಮಿದರು. "ಎರಡ್ಮೂರು ಸಲ ಕರೆದಿದ್ದೆ ಕಣ್ರೀ, ಅಷ್ಟೇ" ಎಂದು, ಅದೇ ಪೆನ್ನಿನಿಂದ ವರದಿಯ ಮೇಲೆ 'ಟೈಪಿಸ್ಟ್ ಬೇಕೇ ಬೇಕು' ಎಂದು ಬರೆದು ಸಹಿ ಹಾಕಿದರು.

ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಉಳಿದಿತ್ತು. ಅಚ್ಚುಕಟ್ಟಾಗಿ ಟೈಪ್ ಮಾಡಿದ್ದು. ಹೆಸರಿಲ್ಲದಿದ್ದರೂ ಯಾರದೆಂದು ಕೇಳಬೇಕಾಗಿರಲಿಲ್ಲ.

'ಮೊದಲು ಯಾರನ್ನು ಕರೆಯುತ್ತೀರಿ?'

'ಇವರೆಲ್ಲ ನನ್ನನ್ನು ಕರೆಯುವುದು ನಿಲ್ಲಿಸಲಿ. ಆಮೇಲೆ ಯೋಚಿಸಿ ಹೇಳುತ್ತೇನೆ.'